ಎಂದೂ ನಡೆಯದ ಕಾಳಗಗಳು: ಹೆವಿವೇಟ್ ಚಾಂಪಿಯನ್ನರ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರನ್ನು ಅವರವರ ಉಚ್ಛ್ರಾಯದ ದಿನಗಳಿಂದ ಕರೆತಂದು ಒಂದೇ ರಿಂಗಿನಲ್ಲಿ ಎದುರುಬದುರು ನಿಲ್ಲಿಸಿದರೆ ಏನಾಗುತ್ತಿತ್ತು ಎಂದು ಓದುಗರು ನಾನಾ ಬಗೆಯಲ್ಲಿ ಕೇಳಿದ್ದಾರೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ತಮ್ಮ ಅತ್ಯುತ್ತಮ ದಿನಗಳಲ್ಲಿ ಎದುರಾಗಿದ್ದರೆ ಗೆಲುವು ಯಾರದಾಗುತ್ತಿತ್ತು? ಮೂರು ಸುತ್ತುಗಳೊಳಗೆ ಟೈಸನ್ ಮುಗಿಸಿಬಿಡುತ್ತಿದ್ದ ಎನ್ನುವುದು ನನ್ನ ಅಣ್ಣನ ವಾದ. ಅಲಿಯನ್ನು ಮುಟ್ಟುವುದೇ ಟೈಸನ್‌ನಿಂದ ಆಗುತ್ತಿರಲಿಲ್ಲ ಎನ್ನುವುದು ನನ್ನ ವಾದ. ದಯವಿಟ್ಟು ತೀರ್ಮಾನ ಹೇಳಿ.

ಉತ್ತರ: ತೀರ್ಮಾನಕ್ಕೆ ಮೊದಲು ಎರಡು ಸಂಗತಿಗಳನ್ನು ನೀವಿಬ್ಬರೂ ಒಪ್ಪಿಕೊಳ್ಳಬೇಕು. ಯಾವ ದಿನದ ಅಲಿ ಮತ್ತು ಯಾವ ದಿನದ ಟೈಸನ್ ಎಂಬುದು ಒಂದು. ಯಾವ ಕಾಲದ ನಿಯಮದಂತೆ ಕಾಳಗ ನಡೆಯುತ್ತದೆ ಎಂಬುದು ಇನ್ನೊಂದು. ಇವನ್ನು ಗೊತ್ತುಮಾಡಿಕೊಳ್ಳದೆ ಹೂಡುವ ವಾದದಲ್ಲಿ ಒಬ್ಬರು 1966ರ ಅಲಿಯ ಪರವಾಗಿ ಮಾತನಾಡುತ್ತಿದ್ದರೆ ಇನ್ನೊಬ್ಬರು 1974ರ ಅಲಿಯ ದೋಷಗಳನ್ನು ಎತ್ತಿ ತೋರಿಸುತ್ತಿರುತ್ತಾರೆ. ಹೆಸರು ಒಂದೇ ಆದರೂ ಅವರು ಎರಡು ಬೇರೆ ಬಗೆಯ ಬಾಕ್ಸರ್‌ಗಳು.

1966ರ ನವೆಂಬರ್‌ನಲ್ಲಿ ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನು ಮೂರು ಸುತ್ತುಗಳಲ್ಲಿ ಸೋಲಿಸಿದ ಅಲಿಗೆ ಆಗ 24 ವರ್ಷ. ಆರು ಅಡಿ ಮೂರು ಅಂಗುಲ ಎತ್ತರದ, 210 ಪೌಂಡಿಗಿಂತ ಹೆಚ್ಚು ತೂಗುವ ಆ ದೇಹ ರಿಂಗಿನಲ್ಲಿ ಸುಳಿದಾಡಿದ ವೇಗವನ್ನು ಹೆವಿವೇಟ್ ವಿಭಾಗ ಅದುವರೆಗೆ ಕಂಡಿರಲಿಲ್ಲ. ಮರುವರ್ಷ ವಿಯೆಟ್ನಾಂ ಯುದ್ಧದ ಸೇನಾ ಭರ್ತಿಯನ್ನು ನಿರಾಕರಿಸಿದ್ದಕ್ಕಾಗಿ ಅವರ ಪರವಾನಗಿಯನ್ನೂ ಪಟ್ಟವನ್ನೂ ಕಿತ್ತುಕೊಳ್ಳಲಾಯಿತು. 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್‌ವರೆಗೆ, ಅಂದರೆ ಬಾಕ್ಸರ್ ಒಬ್ಬನ ಬದುಕಿನ ಅತ್ಯಂತ ಬೆಲೆಬಾಳುವ ವರ್ಷಗಳಲ್ಲಿ, ಅವರು ಒಂದೇ ಒಂದು ಅಧಿಕೃತ ಕಾಳಗವನ್ನೂ ಆಡಲಿಲ್ಲ. ಮರಳಿ ಬಂದ ಅಲಿಯ ಕಾಲುಗಳು ಮೊದಲಿನವಾಗಿರಲಿಲ್ಲ. ಆ ಕೊರತೆಯನ್ನು ಅವರು ಸಹನೆ, ಉಪಾಯ ಮತ್ತು ಹೊಡೆತ ತಿನ್ನುವ ಅಸಾಧಾರಣ ಶಕ್ತಿಯಿಂದ ತುಂಬಿಕೊಂಡರು. ಟೈಸನ್ ಎದುರು ನಾನು ನಿಲ್ಲಿಸುವುದು 1966ರ ಅಲಿಯನ್ನು.

ಟೈಸನ್ ವಿಷಯದಲ್ಲಿ ದಿನಾಂಕದ ಆಯ್ಕೆ ಸುಲಭ. 1988ರ ಜೂನ್ 27ರಂದು, 22 ತುಂಬಲು ಇನ್ನೂ ಮೂರು ದಿನವಿರುವಾಗ, ಅವರು ಅದುವರೆಗೆ ಸೋಲನ್ನೇ ಕಾಣದಿದ್ದ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡುಗಳಲ್ಲಿ ಮಲಗಿಸಿದರು. ಅವರನ್ನು ಬರಿಯ ಹೊಡೆತದ ಬಲದ ಮೇಲೆ ಗೆದ್ದವರೆಂದು ನೆನೆಯುವುದು ಅನ್ಯಾಯ. ಗುರು ಕಸ್ ಡಮಾಟೊ ಕಲಿಸಿದಂತೆ ಎರಡೂ ಮುಷ್ಟಿಗಳನ್ನು ಕೆನ್ನೆಗೆ ಒತ್ತಿ, ತಲೆಯನ್ನು ಎಡಬಲಕ್ಕೆ ಎಡೆಬಿಡದೆ ಓಲಾಡಿಸುತ್ತ, ಎದುರಾಳಿಯ ಜ್ಯಾಬ್‌ನ (ಮುಂದಿನ ಕೈಯನ್ನು ನೇರ ಚಾಚಿ ಕೊಡುವ ಚುರುಕು ಹೊಡೆತದ) ಅಡಿಯಿಂದ ನುಗ್ಗಿ, ಬಲಗೈಯಿಂದ ಪಕ್ಕೆಗೊಂದು ಕೊಟ್ಟು ಅದೇ ಕೈಯನ್ನು ಅಪ್ಪರ್‌ಕಟ್ ಆಗಿ ದವಡೆಗೆ ಏರಿಸುವ ಆ ಕೌಶಲವನ್ನು ಅವರಷ್ಟು ವೇಗವಾಗಿ ಮಾಡಿ ತೋರಿಸಿದ ಹೆವಿವೇಟ್ ಇನ್ನೊಬ್ಬರಿಲ್ಲ. ಅದೇ ವರ್ಷದ ಕೊನೆಯ ಹೊತ್ತಿಗೆ ತರಬೇತುದಾರ ಕೆವಿನ್ ರೂನಿ ಅವರಿಂದ ಟೈಸನ್ ದೂರವಾದರು; ತಲೆಯ ಓಲಾಟ ಕಡಿಮೆಯಾಗಿ ಒಂದೇ ಹೊಡೆತಕ್ಕೆ ಕಾಯುವ ಅಭ್ಯಾಸ ಹೆಚ್ಚಿತು. ಆದ್ದರಿಂದ ನಿಮ್ಮ ಅಣ್ಣನವರು 1988ರ ಟೈಸನ್‌ನನ್ನು ಕೇಳಿದರೆ ನೀವು 1990ರ ಟೈಸನ್‌ನನ್ನು ಕೊಡಬಾರದು.

ಈಗ ಕಾಳಗಕ್ಕೆ ಬರೋಣ. ಅಲಿಯ ತೋಳಿನ ಚಾಚು 78 ಅಂಗುಲ, ಟೈಸನ್‌ರದು 71. ಈ ಏಳು ಅಂಗುಲದ ಅಂತರವನ್ನು ದಾಟಿ ಒಳಹೊಕ್ಕರೆ ಮಾತ್ರ ಟೈಸನ್‌ಗೆ ಕೆಲಸ. ಅವರು ಒಳಹೊಗುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ; ನಿಮ್ಮ ವಾದ ಅಲ್ಲಿಗೆ ಬಿದ್ದುಹೋಗುತ್ತದೆ. ಅಲಿಗೆ ಹುಟ್ಟಿನಿಂದ ಬಂದಂತಿದ್ದ ಒಂದು ದೋಷವಿತ್ತು. ಅವರು ಕೈಗಳನ್ನು ಕೆಳಗಿಟ್ಟು, ಹೊಡೆತ ಬಂದಾಗ ಪಕ್ಕಕ್ಕೆ ಸರಿಯದೆ ನೇರ ಹಿಂದಕ್ಕೆ ಬಾಗುತ್ತಿದ್ದರು. ಇಂಥ ಬಾಕ್ಸರ್‌ಗೆ ಎಡಗೈಯ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಹೊಡೆತ, ಕಂಟಕ. 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್, 1971ರಲ್ಲಿ ನ್ಯೂಯಾರ್ಕಿನಲ್ಲಿ ಜೋ ಫ್ರೇಜಿಯರ್, ಇಬ್ಬರೂ ಅಲಿಯನ್ನು ನೆಲಕ್ಕೆ ಕೆಡವಿದ್ದು ಎಡಗೈಯ ಹುಕ್‌ನಿಂದಲೇ. ಟೈಸನ್‌ರ ಎಡ ಹುಕ್ ಕೂಪರ್ ಅವರದಕ್ಕಿಂತ ಬಹಳ ಭಾರ, ಫ್ರೇಜಿಯರ್ ಅವರದಕ್ಕಿಂತ ಚುರುಕು.

ಆದರೆ ಕೂಪರ್ ಹೊಡೆದಾಗಲೂ ಫ್ರೇಜಿಯರ್ ಹೊಡೆದಾಗಲೂ ಅಲಿ ಎದ್ದು ನಿಂತರು ಎಂಬುದನ್ನು ನಿಮ್ಮ ಅಣ್ಣನವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೂ ಮುಖ್ಯವಾದದ್ದು ಟೈಸನ್‌ರ ದಾಖಲೆಯೊಳಗೇ ಇದೆ. ಅವರು ಮೊದಲ ಸುತ್ತುಗಳಲ್ಲಿ ಕೆಡವಲಾಗದ ಎದುರಾಳಿಗಳನ್ನು ನೋಡಿ: 1986ರಲ್ಲಿ ಜೇಮ್ಸ್ ಟಿಲ್ಲಿಸ್ ಮತ್ತು ಮಿಚ್ ಗ್ರೀನ್ ಹತ್ತು ಹತ್ತು ಸುತ್ತು ನಿಂತರು, 1987ರಲ್ಲಿ ಜೇಮ್ಸ್ ಸ್ಮಿತ್ ಮತ್ತು ಟೋನಿ ಟಕರ್ ಹನ್ನೆರಡು ಹನ್ನೆರಡು ಸುತ್ತು ನಿಂತರು. ಟೈಸನ್ ನಾಲ್ಕನ್ನೂ ಗೆದ್ದರು, ನಿಜ. ಆದರೆ ಟಿಲ್ಲಿಸ್ ಕಾಲಾಡಿಸುತ್ತ, ಸ್ಮಿತ್ ಅಪ್ಪಿ ಹಿಡಿಯುತ್ತ ಆ ಬಿರುಗಾಳಿಯನ್ನು ಮಾಮೂಲಿ ಗಾಳಿಯ ಮಟ್ಟಕ್ಕೆ ಇಳಿಸಿದರು. ಅಲಿ ಈ ಎರಡರಲ್ಲೂ ಅವರೆಲ್ಲರಿಗಿಂತ ಎಷ್ಟೋ ಮೇಲು. 1990ರ ಫೆಬ್ರುವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಉದ್ದ ಜ್ಯಾಬ್ ಮತ್ತು ಅದರ ಹಿಂದೆಯೇ ಬಲಗೈ ಎಂಬ ಸರಳ ಸೂತ್ರದಿಂದ ಟೈಸನ್‌ರನ್ನು ಹತ್ತನೆಯ ಸುತ್ತಿನಲ್ಲಿ ಉರುಳಿಸಿದರು. ಆ ರಾತ್ರಿಯ ಟೈಸನ್ 1988ರವರಲ್ಲ ಎಂದು ನಾನೇ ಹೇಳಿದ್ದೇನೆ, ಆದರೂ ಸೂತ್ರ ಸೂತ್ರವೇ.

ಇಲ್ಲಿ ರೆಫರಿಯ ಪಾತ್ರವನ್ನು ಮರೆಯುವಂತಿಲ್ಲ. ಒಳನುಗ್ಗುವವರ ಕುತ್ತಿಗೆಯ ಹಿಂದೆ ಎಡಗೈ ಹಾಕಿ ತಲೆಯನ್ನು ಕೆಳಕ್ಕೆ ಎಳೆಯುವುದು ಅಲಿಯ ಹಳೆಯ ಕಸುಬು. 1974ರ ಜನವರಿಯಲ್ಲಿ ಫ್ರೇಜಿಯರ್ ಜತೆ ನಡೆದ ಎರಡನೆಯ ಕಾಳಗವನ್ನು ಅವರು ಗೆದ್ದದ್ದರಲ್ಲಿ ಈ ಹಿಡಿತದ ಪಾಲು ದೊಡ್ಡದು. ಹಿಡಿತವನ್ನು ತಕ್ಷಣ ಬಿಡಿಸುವ ಕಟ್ಟುನಿಟ್ಟಿನ ರೆಫರಿ ಇದ್ದರೆ ಟೈಸನ್‌ಗೆ ಎರಡು ಮೂರು ಸುತ್ತುಗಳ ಅವಕಾಶ ಹೆಚ್ಚು ಸಿಗುತ್ತದೆ. ಸಡಿಲ ರೆಫರಿ ಇದ್ದರೆ ಐದನೆಯ ಸುತ್ತಿನ ನಂತರ ಟೈಸನ್‌ರ ತೋಳುಗಳು ಸೋತಿರುತ್ತವೆ.

ನನ್ನ ತೀರ್ಮಾನ: ಮೊದಲ ನಾಲ್ಕು ಸುತ್ತುಗಳಲ್ಲಿ ಅಲಿ ಒಮ್ಮೆಯಾದರೂ ನೆಲ ಕಾಣುತ್ತಾರೆ, ಎದ್ದ ಮೇಲೆ ಕಾಳಗ ನಿಧಾನವಾಗಿ ಅವರದಾಗುತ್ತದೆ, ಹತ್ತನೆಯ ಸುತ್ತಿನ ಆಚೀಚೆ ರೆಫರಿ ನಿಲ್ಲಿಸುತ್ತಾರೆ, ಇಲ್ಲವೇ ತೀರ್ಪುಗಾರರು ಅಲಿಗೆ ಕೊಡುತ್ತಾರೆ. ಹತ್ತು ಸಲ ಆಡಿಸಿದರೆ ಆರೇಳು ಸಲ ಹೀಗೆ. ಉಳಿದ ಮೂರು ನಾಲ್ಕು ಸಲ ನಿಮ್ಮ ಅಣ್ಣನವರು ಹೇಳಿದಂತೆಯೇ ಆಗುತ್ತದೆ, ಅದೂ ಬಹಳ ಬೇಗ.

ಪ್ರಶ್ನೆ: ಫ್ರೇಜಿಯರ್ ಅಲಿಯನ್ನು ಸೋಲಿಸಿದರು, ಫೋರ್‌ಮನ್ ಫ್ರೇಜಿಯರ್ ಅವರನ್ನು ಸೋಲಿಸಿದರು. ಹಾಗಾದರೆ ಫೋರ್‌ಮನ್ ಅಲಿಗಿಂತ ಮೇಲು ಎಂದಾಗಬೇಕಲ್ಲವೆ? ಇಂಥ ಸರಪಳಿ ಹಿಡಿದು ಬೇರೆ ಬೇರೆ ಕಾಲದವರನ್ನು ಹೋಲಿಸಬಹುದೆ?

ಉತ್ತರ: ಆಗಬೇಕು, ಆದರೆ ಆಗಲಿಲ್ಲ. ನೀವು ಹೇಳುವ ಸರಪಳಿ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಲ್ಲರ ಕಣ್ಣೆದುರೇ ಕಡಿದುಹೋಯಿತು. ಜಾರ್ಜ್ ಫೋರ್‌ಮನ್ 1973ರ ಜನವರಿಯಲ್ಲಿ ಕಿಂಗ್‌ಸ್ಟನ್ನಿನಲ್ಲಿ ಫ್ರೇಜಿಯರ್ ಅವರನ್ನು ಎರಡೇ ಸುತ್ತುಗಳಲ್ಲಿ ಆರು ಸಲ ಕೆಡವಿದ್ದರು. ಅಲಿಯ ದವಡೆ ಮುರಿದ ಕೆನ್ ನಾರ್ಟನ್ ಅವರನ್ನೂ ಮರುವರ್ಷ ಎರಡೇ ಸುತ್ತುಗಳಲ್ಲಿ ಮುಗಿಸಿದ್ದರು. ಕಾಗದದ ಮೇಲಿನ ಲೆಕ್ಕ ಒಂದೇ ಉತ್ತರ ಕೊಡುತ್ತಿತ್ತು. ಅಲಿ ಎಂಟನೆಯ ಸುತ್ತಿನಲ್ಲಿ ಫೋರ್‌ಮನ್‌ರನ್ನು ನಾಕೌಟ್ ಮಾಡಿದರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಫ್ರೇಜಿಯರ್ ಬಾಗಿಕೊಂಡು ನೇರ ಮುಂದಕ್ಕೆ ಬರುವವರು. ಅವರ ತಲೆ ಬಂದು ನಿಲ್ಲುವ ಎತ್ತರ ಫೋರ್‌ಮನ್‌ರ ಅಪ್ಪರ್‌ಕಟ್‌ಗೆ ಹೇಳಿ ಮಾಡಿಸಿದ್ದು; ಫೋರ್‌ಮನ್ ತಮ್ಮ ಉದ್ದ ತೋಳುಗಳಿಂದ ಅವರನ್ನು ದೂರ ತಳ್ಳಿ ತಮಗೆ ಬೇಕಾದ ಅಂತರದಲ್ಲಿ ನಿಲ್ಲಿಸಿಕೊಂಡೇ ಹೊಡೆದರು. ಅಲಿ ಮುಂದಕ್ಕೆ ಬರುವವರಲ್ಲ. ಹಗ್ಗಕ್ಕೆ ಒರಗಿ, ಹೊಡೆತಗಳನ್ನು ತೋಳುಗಳ ಮೇಲೆ ತೆಗೆದುಕೊಂಡು, ಫೋರ್‌ಮನ್ ದಣಿಯುವವರೆಗೂ ಕಾದರು. ನಾರ್ಟನ್ ಅವರ ವಿಚಿತ್ರ ಅಡ್ಡತೋಳಿನ ರಕ್ಷಣೆ ಅಲಿಯ ಜ್ಯಾಬ್‌ಗೆ ಅಡ್ಡಿಯಾಗುತ್ತಿತ್ತು, ಆದರೆ ಬಲವಾಗಿ ಹೊಡೆಯುವವರ ಎದುರು ನಾರ್ಟನ್ ನಿಲ್ಲುತ್ತಿರಲಿಲ್ಲ. ಶೈಲಿಗಳು ಹೀಗೆ ಒಂದನ್ನೊಂದು ಕಚ್ಚುವಾಗ ಒಂದೇ ದಶಕದೊಳಗೂ ಸರಪಳಿ ನಿಲ್ಲುವುದಿಲ್ಲ. ಐವತ್ತು ವರ್ಷಗಳ ಅಂತರಕ್ಕೆ ಅದನ್ನು ಎಳೆಯುವ ಮಾತೇ ಬೇಡ.

ಪ್ರಶ್ನೆ: ಅಲಿ ಮತ್ತು ರಾಕಿ ಮಾರ್ಸಿಯಾನೊ ನಡುವಿನ ಪಂದ್ಯವನ್ನು ಹಿಂದೊಮ್ಮೆ ಕಂಪ್ಯೂಟರ್ ತೀರ್ಮಾನಿಸಿತು ಎಂದು ಕೇಳಿದ್ದೇನೆ. ಇದು ನಿಜವೆ? ಕಂಪ್ಯೂಟರ್ ಹೇಳಿದ ಮೇಲೆ ವಾದಕ್ಕೆ ಜಾಗವೆಲ್ಲಿ?

ಉತ್ತರ: ನಿಜ, ಮತ್ತು ಕಥೆ ನೀವು ಕೇಳಿದ್ದಕ್ಕಿಂತ ಸ್ವಾರಸ್ಯವಾಗಿದೆ. 1967ರಲ್ಲಿ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೋನರ್ ಎಲ್ಲ ಕಾಲದ ಹೆವಿವೇಟ್ ಚಾಂಪಿಯನ್ನರ ನಡುವೆ ಒಂದು ಕಾಲ್ಪನಿಕ ಪಂದ್ಯಾವಳಿ ಏರ್ಪಡಿಸಿದರು. ಬಾಕ್ಸಿಂಗ್ ಬರಹಗಾರರಿಂದಲೂ ಪರಿಣತರಿಂದಲೂ ಪ್ರತಿಯೊಬ್ಬ ಚಾಂಪಿಯನ್ನನ ವೇಗ, ಬಲ, ಸಹನೆ ಮುಂತಾದವುಗಳಿಗೆ ಅಂಕ ಪಡೆದು, ಅವನ್ನು ಅಂದಿನ ಎನ್‌ಸಿಆರ್ 315 ಕಂಪ್ಯೂಟರ್‌ಗೆ ಊಡಿಸಿ, ಅದು ಕೊಟ್ಟ ಫಲಿತಾಂಶವನ್ನು ರೇಡಿಯೊದಲ್ಲಿ ನೇರ ವೀಕ್ಷಕ ವಿವರಣೆಯಂತೆ ಪ್ರಸಾರ ಮಾಡಿದರು. ಅಂತಿಮ ಪಂದ್ಯದಲ್ಲಿ ಮಾರ್ಸಿಯಾನೊ ಜಾಕ್ ಡೆಂಪ್ಸಿಯವರನ್ನು ಸೋಲಿಸಿದರು. ಅಲಿ ಅದಕ್ಕೂ ಮೊದಲೇ, 1905ರಲ್ಲಿ ನಿವೃತ್ತರಾಗಿದ್ದ ಜೇಮ್ಸ್ ಜೆಫ್ರೀಸ್ ಅವರಿಗೆ ಸೋತು ಹೊರಬಿದ್ದಿದ್ದರು.

ಪಟ್ಟ ಕಳೆದುಕೊಂಡು ಕುಳಿತಿದ್ದ ಅಲಿಗೆ ಇದರಿಂದ ಎಷ್ಟು ಸಿಟ್ಟು ಬಂತೆಂದರೆ ಅವರು ಮಾನನಷ್ಟದ ದಾವೆ ಹೂಡಿದರು. ರಾಜಿಯ ಭಾಗವಾಗಿ ಮಾರ್ಸಿಯಾನೊ ಜತೆಗಿನ ಕಾಲ್ಪನಿಕ ಕಾಳಗವೊಂದನ್ನು ಚಿತ್ರೀಕರಿಸಲು ಒಪ್ಪಿದರು. 1969ರಲ್ಲಿ ಮಯಾಮಿಯ ಸ್ಟುಡಿಯೊ ಒಂದರಲ್ಲಿ 27 ವರ್ಷದ ಅಲಿ ಮತ್ತು 45 ವರ್ಷದ ಮಾರ್ಸಿಯಾನೊ ಬಹುಮಟ್ಟಿಗೆ ಕೈ ಬಿಗಿಹಿಡಿದೇ ಹಲವು ಸುತ್ತುಗಳನ್ನು ಆಡಿದರು. ಮಾರ್ಸಿಯಾನೊ ಇದಕ್ಕಾಗಿ ತೂಕ ಇಳಿಸಿ, ಬೋಳುತಲೆಗೆ ಕೃತಕ ಕೂದಲು ಇಟ್ಟುಕೊಂಡು ಬಂದಿದ್ದರು. ಮುಕ್ತಾಯಗಳನ್ನು ಮಾತ್ರ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ತೆಗೆದಿಟ್ಟುಕೊಂಡು, ಕೊನೆಯಲ್ಲಿ ಯಾವುದು ಬರುತ್ತದೆಂದು ಇಬ್ಬರಿಗೂ ಹೇಳಿರಲಿಲ್ಲ. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ಅದು ತೆರೆಕಂಡಾಗ ಅಮೆರಿಕದ ಪ್ರೇಕ್ಷಕರು ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದದ್ದನ್ನು ನೋಡಿದರು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವರು ಅಲಿ. ಮಾರ್ಸಿಯಾನೊ ಎರಡನ್ನೂ ನೋಡಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಒಂದೇ ಕಾಳಗಕ್ಕೆ ಎರಡು ಖಂಡಗಳಲ್ಲಿ ಎರಡು ಫಲಿತಾಂಶ ಬಂದ ಮೇಲೆ ಕಂಪ್ಯೂಟರ್‌ನ ಅಧಿಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಡಕೆಯಲ್ಲಿ ಇದ್ದದ್ದೇ ಸೌಟಿಗೆ ಬರುತ್ತದೆ: ಬರಹಗಾರರು ಮಾರ್ಸಿಯಾನೊ ಅವರ ಸಹನೆಗೆ ಎಷ್ಟು ಅಂಕ ಕೊಟ್ಟಿದ್ದರೋ ಯಂತ್ರ ಅದನ್ನೇ ಸುತ್ತುಗಳಾಗಿ ವಿಂಗಡಿಸಿ ಹಿಂದಿರುಗಿಸಿತು. ಇಂದಿನ ಕಂಪ್ಯೂಟರ್ ಆಟಗಳು ಎಷ್ಟೋ ಪಟ್ಟು ಸೂಕ್ಷ್ಮವಾಗಿದ್ದರೂ ಅವುಗಳ ತಳದಲ್ಲಿ ಯಾರೋ ಒಬ್ಬರು ಕುಳಿತು ಕೊಟ್ಟ ಅಂಕಗಳೇ ಇವೆ. ಅಲಿ ಎದುರು ಜೆಫ್ರೀಸ್ ಗೆಲ್ಲುತ್ತಾರೆಂದು ನಂಬುವ ಬಾಕ್ಸಿಂಗ್ ಅಭಿಮಾನಿಯನ್ನು ಇಂದು ದೀಪ ಹಿಡಿದು ಹುಡುಕಬೇಕು.

ಪ್ರಶ್ನೆ: ಮಾರ್ಸಿಯಾನೊ 49 ಕಾಳಗಗಳಲ್ಲಿ 49ನ್ನೂ ಗೆದ್ದು ನಿವೃತ್ತರಾದವರು. ಸೋಲೇ ಇಲ್ಲದವರನ್ನು ಎಲ್ಲರಿಗಿಂತ ಮೇಲೆ ಇಡಲು ಹಿಂಜರಿಕೆ ಏಕೆ?

ಉತ್ತರ: ಆ 49ರಲ್ಲಿ 43 ನಾಕೌಟ್‌ಗಳು, ಗೌರವಕ್ಕೆ ಕೊರತೆಯೇನೂ ಇಲ್ಲ. ಹಿಂಜರಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ಎದುರಾಳಿಗಳ ವಯಸ್ಸು. 1951ರಲ್ಲಿ ಅವರು ಸೋಲಿಸಿದ ಜೋ ಲೂಯಿಸ್‌ಗೆ 37, 1952ರಲ್ಲಿ ಪಟ್ಟ ಕಿತ್ತುಕೊಂಡ ಜರ್ಸಿ ಜೋ ವಾಲ್ಕಾಟ್‌ಗೆ 38, ಕೊನೆಯ ಎದುರಾಳಿ ಆರ್ಚಿ ಮೂರ್ ನಲವತ್ತರ ಆಸುಪಾಸಿನವರು. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ.

1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ವಾಲ್ಕಾಟ್ ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ಅವರನ್ನು ಕೆಡವಿದರು. ಹನ್ನೆರಡು ಸುತ್ತುಗಳು ಮುಗಿದಾಗ ಮೂವರು ಅಧಿಕಾರಿಗಳ ಅಂಕಪಟ್ಟಿಗಳಲ್ಲೂ ವಾಲ್ಕಾಟ್ ಮುಂದಿದ್ದರು. ಹದಿಮೂರನೆಯ ಸುತ್ತಿನಲ್ಲಿ ಹಗ್ಗದ ಬಳಿ ಮಾರ್ಸಿಯಾನೊ ಅವರ ಗಿಡ್ಡ ಬಲಗೈ ವಾಲ್ಕಾಟ್ ದವಡೆಗೆ ಬಿತ್ತು, ಅಲ್ಲಿಗೆ ಎಲ್ಲವೂ ಮುಗಿಯಿತು. ಚಾಂಪಿಯನ್‌ಷಿಪ್ ಕಾಳಗ ಆಗ ಹದಿನೈದು ಸುತ್ತುಗಳದು. 1982ರ ನವೆಂಬರ್‌ನಲ್ಲಿ ಕೊರಿಯಾದ ಬಾಕ್ಸರ್ ಕಿಮ್ ಡುಕ್ ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಮರಣ ಹೊಂದಿದ ಬಳಿಕ ಬಾಕ್ಸಿಂಗ್ ಸಂಸ್ಥೆಗಳು ಒಂದೊಂದಾಗಿ ಅದನ್ನು ಹನ್ನೆರಡಕ್ಕೆ ಇಳಿಸಿದವು. ಇಂದಿನ ನಿಯಮದಂತೆ ಆಡಿದ್ದರೆ ಆ ರಾತ್ರಿ ಗೆದ್ದವರು ವಾಲ್ಕಾಟ್. 49–0 ಎಂಬ ದಾಖಲೆಯೇ ಇರುತ್ತಿರಲಿಲ್ಲ.

ಜೋ ಲೂಯಿಸ್ ಅವರ ಕಥೆಯೂ ಹಾಗೆಯೇ. 1941ರ ಜೂನ್‌ನಲ್ಲಿ ಅವರಿಗಿಂತ ಎಷ್ಟೋ ಹಗುರವಾಗಿದ್ದ ಬಿಲ್ಲಿ ಕಾನ್ ಹನ್ನೆರಡು ಸುತ್ತುಗಳ ಕೊನೆಗೆ ಎರಡು ಅಂಕಪಟ್ಟಿಗಳಲ್ಲಿ ಮುಂದಿದ್ದು, ಮೂರನೆಯದರಲ್ಲಿ ಸಮನಾಗಿದ್ದರು. ಗೆಲುವು ಕೈಯಲ್ಲಿರುವಾಗ ಕಾನ್ ನಾಕೌಟ್‌ಗೆ ಆಸೆಪಟ್ಟು ಎದುರಿಗೆ ನಿಂತರು. ಹದಿಮೂರನೆಯ ಸುತ್ತು ಮುಗಿಯಲು ಎರಡು ಸೆಕೆಂಡುಗಳಿರುವಾಗ ಅವರ ಎಣಿಕೆ ಪೂರ್ಣವಾಯಿತು. ಇನ್ನೂ ಹಿಂದಕ್ಕೆ ಹೋದರೆ, 1915ರಲ್ಲಿ ಹವಾನಾದ ಬಿಸಿಲಿನಲ್ಲಿ ಜಾಕ್ ಜಾನ್ಸನ್ ಪಟ್ಟ ಕಳೆದುಕೊಂಡದ್ದು 45 ಸುತ್ತುಗಳಿಗೆ ಗೊತ್ತುಮಾಡಿದ್ದ ಕಾಳಗದ 26ನೆಯ ಸುತ್ತಿನಲ್ಲಿ. ಮೊದಲರ್ಧದಲ್ಲಿ ಮೇಲುಗೈ 37 ವರ್ಷದ ಜಾನ್ಸನ್ ಅವರದೇ ಆಗಿತ್ತು.

ಸುತ್ತುಗಳ ಸಂಖ್ಯೆ ಯಾರು ಚಾಂಪಿಯನ್ ಆಗುತ್ತಾರೆ ಎಂಬುದನ್ನೇ ಬದಲಿಸುತ್ತದೆ. ಹದಿನೈದು ಸುತ್ತುಗಳಿಗೆ ಪಳಗಿದವರು ಮೊದಲ ಐದನ್ನು ಬಂಡವಾಳವೆಂದು ಖರ್ಚು ಮಾಡಬಲ್ಲರು, ಹನ್ನೆರಡಕ್ಕೆ ಪಳಗಿದವರಿಗೆ ಅಷ್ಟು ವ್ಯವಧಾನವಿಲ್ಲ. ಹಾಗಾಗಿ ಮಾರ್ಸಿಯಾನೊ ಅವರನ್ನು ಯಾರೊಂದಿಗೆ ಆಡಿಸಿದರೂ ಹದಿನೈದು ಸುತ್ತುಗಳಿಗೆ ಆಡಿಸಿ. ಅವರಿಗೆ ಸಲ್ಲಬೇಕಾದ ನ್ಯಾಯ ಅದು. ಅಷ್ಟು ಕೊಟ್ಟರೂ, 185ರಿಂದ 190 ಪೌಂಡ್ ತೂಕ ಮತ್ತು 68 ಅಂಗುಲ ಚಾಚಿನ ಅವರು 1966ರ ಅಲಿಯನ್ನಾಗಲಿ ಉತ್ತಮ ದಿನಗಳ ಲ್ಯಾರಿ ಹೋಮ್ಸ್‌ರನ್ನಾಗಲಿ ಹಿಡಿಯುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಫ್ರೇಜಿಯರ್ ಜತೆ ಆಡಿಸಿದರೆ ಮಾತ್ರ ಯಾರ ಪರವಾಗಿಯೂ ಪಣ ಕಟ್ಟಲು ನಾನು ಸಿದ್ಧನಿಲ್ಲ.

ಪ್ರಶ್ನೆ: ಇಂದಿನ ಹೆವಿವೇಟ್‌ಗಳು ಆರೂವರೆ ಅಡಿಗಿಂತ ಎತ್ತರ, 250 ಪೌಂಡಿಗಿಂತ ಭಾರ. ಇವರ ಎದುರು ಹಳೆಯ ಚಾಂಪಿಯನ್ನರು ನಿಲ್ಲುವುದಾದರೂ ಹೇಗೆ?

ಉತ್ತರ: ಗಾತ್ರ ಒಂದೇ ಸಾಕಾಗಿದ್ದರೆ 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿ ಸೋಲಬಾರದಿತ್ತು. ಆರು ಅಡಿ ಒಂಬತ್ತು ಅಂಗುಲ ಎತ್ತರದ ಫ್ಯೂರಿ 262 ಪೌಂಡ್ ತೂಗಿದರು. ಒಲೆಕ್ಸಾಂಡರ್ ಉಸಿಕ್ ಆರು ಅಡಿ ಮೂರು ಅಂಗುಲ, 223 ಪೌಂಡ್. ಎತ್ತರದಲ್ಲೂ ತೋಳಿನ ಚಾಚಿನಲ್ಲೂ ಅಲಿಗೆ ಸರಿಸಮ. ಉಸಿಕ್ ಆ ಕಾಳಗವನ್ನೂ ಡಿಸೆಂಬರ್‌ನಲ್ಲಿ ನಡೆದ ಮರುಕಾಳಗವನ್ನೂ ಗೆದ್ದರು. ಹಿಂದಿನ ಉದಾಹರಣೆಗಳೂ ಇವೆ. 1919ರಲ್ಲಿ 187 ಪೌಂಡಿನ ಡೆಂಪ್ಸಿ 245 ಪೌಂಡಿನ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದರು. ಇನ್ನೂರು ಪೌಂಡಿನ ಆಸುಪಾಸಿನಲ್ಲಿದ್ದ ಲೂಯಿಸ್ 1935ರಲ್ಲಿ 260 ಪೌಂಡಿನ ಪ್ರಿಮೊ ಕಾರ್ನೆರಾರನ್ನು ಆರು ಸುತ್ತುಗಳಲ್ಲಿ, 1942ರಲ್ಲಿ 250 ಪೌಂಡಿನ ಬಡ್ಡಿ ಬೇರ್‌ರನ್ನು ಒಂದೇ ಸುತ್ತಿನಲ್ಲಿ ಮುಗಿಸಿದರು.

ಆದರೂ ಈ ಉದಾಹರಣೆಗಳನ್ನು ಹಿಡಿದುಕೊಂಡು ಮೆರೆಯುವುದು ಸರಿಯಲ್ಲ. ವಿಲ್ಲರ್ಡ್ ಮತ್ತು ಕಾರ್ನೆರಾ ದೊಡ್ಡ ದೇಹದವರೇ ಹೊರತು ದೊಡ್ಡ ಬಾಕ್ಸರ್‌ಗಳಲ್ಲ. ಆರು ಅಡಿ ಐದು ಅಂಗುಲದ ಲೆನಾಕ್ಸ್ ಲೆವಿಸ್, ಅವರಿಗಿಂತ ಅಂಗುಲ ಹೆಚ್ಚಿದ್ದ ವ್ಲಾದಿಮಿರ್ ಕ್ಲಿಚ್ಕೊ ಇವರಲ್ಲಿ ಗಾತ್ರಕ್ಕೆ ಕೌಶಲ ಕೂಡಿತ್ತು. ಅವರು ಜ್ಯಾಬ್‌ನಿಂದ ದೂರವನ್ನು ಕಾಯ್ದುಕೊಳ್ಳುತ್ತಿದ್ದರು, ಎದುರಾಳಿ ಒಳಬಂದರೆ ಅಪ್ಪಿ ಹಿಡಿದು ತಮ್ಮ ಪೂರ್ತಿ ಭಾರವನ್ನು ಅವನ ಹೆಗಲ ಮೇಲೆ ಹೇರುತ್ತಿದ್ದರು. ಮಾರ್ಸಿಯಾನೊ ಅಥವಾ ಡೆಂಪ್ಸಿ ಅಂಥ ಹೊರೆಯನ್ನು ಹತ್ತು ಸುತ್ತು ಹೊರುವುದನ್ನು ನಾನು ಊಹಿಸಲಾರೆ. ಇಂದು ಅವರಿಬ್ಬರೂ ಹೆವಿವೇಟ್‌ಗೆ ಬರುವುದೇ ಸಂದೇಹ. ಇನ್ನೂರು ಪೌಂಡಿನವರೆಗಿನ ಕ್ರೂಸರ್‌ವೇಟ್ ಎಂಬ ವಿಭಾಗ ಇಂಥವರಿಗಾಗಿಯೇ 1979ರ ಸುಮಾರಿಗೆ ಹುಟ್ಟಿಕೊಂಡಿತು.

ಊಹೆಯನ್ನು ಬಿಟ್ಟು ಸಾಕ್ಷ್ಯವನ್ನೇ ಕೇಳುವುದಾದರೆ, ಕಾಲದ ಗಡಿ ದಾಟಿ ನಿಜವಾಗಿಯೂ ಆಡಿದ ಇಬ್ಬರಿದ್ದಾರೆ. 1974ರಲ್ಲಿ ಅಲಿಗೆ ಸೋತ ಫೋರ್‌ಮನ್ ಹತ್ತು ವರ್ಷ ರಿಂಗಿನಿಂದ ದೂರವಿದ್ದು ಮರಳಿದರು. 1991ರಲ್ಲಿ ತಮ್ಮ 42ನೆಯ ವಯಸ್ಸಿನಲ್ಲಿ 28 ವರ್ಷದ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಹನ್ನೆರಡೂ ಸುತ್ತು ನಿಂತು ಅಂಕಗಳ ಮೇಲೆ ಸೋತರು. 1994ರ ನವೆಂಬರ್‌ನಲ್ಲಿ, 45ನೆಯ ವಯಸ್ಸಿನಲ್ಲಿ, ಹೋಲಿಫೀಲ್ಡ್ ಅವರನ್ನೇ ಸೋಲಿಸಿ ಬಂದಿದ್ದ ಮೈಕಲ್ ಮೂರರ್ ಅವರನ್ನು ಹತ್ತನೆಯ ಸುತ್ತಿನಲ್ಲಿ ಬಲಗೈಯಿಂದ ಉರುಳಿಸಿ ಪಟ್ಟವನ್ನು ಮರಳಿ ಪಡೆದರು. ಹೋಮ್ಸ್ 1988ರಲ್ಲಿ ಟೈಸನ್‌ಗೆ ನಾಲ್ಕು ಸುತ್ತುಗಳಲ್ಲಿ ಸೋತದ್ದನ್ನು ಎಲ್ಲರೂ ಹೇಳುತ್ತಾರೆ. ಅದಾದ ನಾಲ್ಕು ವರ್ಷಗಳ ನಂತರ ಒಲಿಂಪಿಕ್ ಚಿನ್ನ ಗೆದ್ದಿದ್ದ ರೇ ಮರ್ಸರ್ ಅವರನ್ನು ಸೋಲಿಸಿದ್ದನ್ನೂ, ಹೋಲಿಫೀಲ್ಡ್ ಜತೆ ಹನ್ನೆರಡು ಸುತ್ತು ಆಡಿದ್ದನ್ನೂ ಹೇಳುವವರು ಕಡಿಮೆ. ಕಾಲು ಸೋತ, ಹೊಟ್ಟೆ ಬಂದ ಎಪ್ಪತ್ತರ ದಶಕದವರು ತೊಂಬತ್ತರ ದಶಕದ ಅತ್ಯುತ್ತಮರ ಎದುರು ಇಷ್ಟು ಮಾಡಿದರೆಂದರೆ, ಅವರ ಇಪ್ಪತ್ತೈದು ವರ್ಷದ ದೇಹ ಏನು ಮಾಡುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಎಪ್ಪತ್ತರ ದಶಕದ ನಂತರದವರ ನಡುವೆ ಹೋಲಿಕೆಗೆ ಅರ್ಥವಿದೆ. ಅದಕ್ಕಿಂತ ಹಿಂದೆ ಹೋದಂತೆ ದೇಹಗಳು ಚಿಕ್ಕವಾಗುತ್ತವೆ, ಗವಸುಗಳು ಹಗುರವಾಗುತ್ತವೆ, ರೆಫರಿಗಳು ಬಹಳಷ್ಟನ್ನು ನೋಡಿಯೂ ನೋಡದಂತಿರುತ್ತಾರೆ. ವಿಲ್ಲರ್ಡ್ ಏಳುತ್ತಿದ್ದಾಗ ಡೆಂಪ್ಸಿ ಅವರ ಪಕ್ಕದಲ್ಲೇ ನಿಂತು ಮತ್ತೆ ಹೊಡೆಯಬಹುದಿತ್ತು; ಇಂದು ದೂರದ ಮೂಲೆಗೆ ಹೋಗಿ ಎಂಟರವರೆಗೆ ಕಾಯಬೇಕು. ಆ ಏಳು ಬೀಳುಗಳಲ್ಲಿ ಎಷ್ಟು ಉಳಿದಾವು?

ಪ್ರಶ್ನೆ: ಒಂದೇ ಒಂದು ಕಾಲ್ಪನಿಕ ಕಾಳಗವನ್ನು ನೋಡುವ ಅವಕಾಶ ಸಿಕ್ಕರೆ ನೀವು ಯಾವುದನ್ನು ಆಯ್ದುಕೊಳ್ಳುತ್ತೀರಿ?

ಉತ್ತರ: ಹೆಚ್ಚಿನವರು ಫ್ರೇಜಿಯರ್ ಎದುರು ಟೈಸನ್ ಎನ್ನುತ್ತಾರೆ. ಅದು ಮೂರು ಸುತ್ತುಗಳಲ್ಲಿ ಮುಗಿಯುವ ಸಿಡಿಲು. ನನಗೆ ಬೇಕಾದದ್ದು 1938ರ ಜೋ ಲೂಯಿಸ್ ಮತ್ತು 1978ರ ಲ್ಯಾರಿ ಹೋಮ್ಸ್, ಹದಿನೈದು ಸುತ್ತು. ಮ್ಯಾಕ್ಸ್ ಷ್ಮೆಲಿಂಗ್ ಅವರನ್ನು ನ್ಯೂಯಾರ್ಕಿನಲ್ಲಿ 124 ಸೆಕೆಂಡುಗಳಲ್ಲಿ ಮುರಿದ ಲೂಯಿಸ್ ಒಂದು ಕಡೆ. ನಾರ್ಟನ್ ಜತೆಗಿನ ಹದಿನೈದನೆಯ ಸುತ್ತನ್ನು ಗೆದ್ದು ಆ ಮೂಲಕ ಪಟ್ಟವನ್ನೂ ಗೆದ್ದ ಹೋಮ್ಸ್ ಇನ್ನೊಂದು ಕಡೆ. ಹೆವಿವೇಟ್ ಇತಿಹಾಸದ ಎರಡು ಅತ್ಯುತ್ತಮ ಜ್ಯಾಬ್‌ಗಳು ಮುಖಾಮುಖಿಯಾಗುವುದು ಇಲ್ಲೇ.

ಇಬ್ಬರ ದುರ್ಬಲ ಜಾಗವೂ ಒಂದೇ ಎಂಬುದು ಇದರ ಸೊಗಸು. ಜ್ಯಾಬ್ ಕೊಟ್ಟ ಮೇಲೆ ಲೂಯಿಸ್ ಎಡಗೈಯನ್ನು ತಗ್ಗಿಸುತ್ತಿದ್ದರು. ಷ್ಮೆಲಿಂಗ್ 1936ರಲ್ಲಿ ಅದರ ಮೇಲಿಂದ ಬಲಗೈ ಇಳಿಸಿಯೇ ಅವರಿಗೆ ಮೊದಲ ಸೋಲಿನ ರುಚಿ ತೋರಿಸಿದ್ದು. ಹೋಮ್ಸ್ ಕೂಡ ಬಲಗೈ ಹೊಡೆತಕ್ಕೆ ಸಿಕ್ಕಿಬೀಳುವವರು: 1979ರಲ್ಲಿ ಅರ್ನಿ ಷೇವರ್ಸ್, 1981ರಲ್ಲಿ ರೆನಾಲ್ಡೊ ಸ್ನೈಪ್ಸ್ ಹೋಮ್ಸ್‌ರನ್ನು ಬಲಗೈಯಿಂದಲೇ ಕೆಡವಿದರು. ಎರಡು ಸಲವೂ ಹೋಮ್ಸ್ ಎದ್ದು ಕಾಳಗವನ್ನು ಗೆದ್ದರು. ಆದರೆ ಷೇವರ್ಸ್ ಮತ್ತು ಸ್ನೈಪ್ಸ್ ಇಬ್ಬರಿಗೂ ಗಾಯಗೊಂಡವರನ್ನು ಮುಗಿಸುವ ಕಲೆ ಇರಲಿಲ್ಲ, ಲೂಯಿಸ್ ಅವರಿಗೆ ಅದೊಂದು ಕಲೆಯಲ್ಲಿ ಸಾಟಿಯೇ ಇಲ್ಲ.

ಲೂಯಿಸ್ ಪರವಾಗಿ ಇಷ್ಟೆಲ್ಲ ಹೇಳಿದರೂ ಅವರ ಕಾಲುಗಳ ನಿಧಾನ ನನ್ನನ್ನು ಕಾಡುತ್ತದೆ. ಕಾಲಾಡಿಸುವ ಕಾನ್ ಲೂಯಿಸ್‌ರನ್ನು ಹನ್ನೆರಡು ಸುತ್ತು ಕಾಡಿದರು. 1947ರಲ್ಲಿ ವಾಲ್ಕಾಟ್ ಎರಡು ಸಲ ಕೆಡವಿ, ಬಹುಮಂದಿಯ ಕಣ್ಣಿನಲ್ಲಿ ಗೆದ್ದೇಬಿಟ್ಟಿದ್ದರು. ಹೋಮ್ಸ್ ಆ ಇಬ್ಬರಿಗಿಂತಲೂ ದೊಡ್ಡ ದೇಹದವರು, ಉದ್ದ ಕೈಯವರು. ಒಂದೇ ಸಲ ಬಿದ್ದು ಎದ್ದರೆ ಹೋಮ್ಸ್ ಅಂಕಗಳ ಮೇಲೆ ಗೆಲ್ಲುತ್ತಾರೆ, ಒಂದೇ ಸುತ್ತಿನಲ್ಲಿ ಎರಡು ಸಲ ಬಿದ್ದರೆ ಲೂಯಿಸ್. ನಾನು ಹೋಮ್ಸ್ ಎನ್ನುತ್ತೇನೆ, ತೀರ್ಪುಗಾರರಲ್ಲಿ ಒಬ್ಬರಾದರೂ ಒಪ್ಪದಷ್ಟು ಕಡಿಮೆ ಅಂತರದಿಂದ.